ಮೂಗಿನ ಗುರುತು

ಕಿಸೋರೋ ಪೇಟೆಯಲ್ಲಿ, ಬಸ್ಸು ನಿಲ್ಲುವಲ್ಲಿ,
ಮೊಬೈಲ್ ರಿಪೇರಿಯವನಿಗೂ ಹಲ್ಲು ಕೀಳುವವನಿಗೂ ನಡುವೆ
ನನ್ನ ಸ್ಟುಡಿಯೋ. ನೀಲಿ ಪರದೆ, ಸ್ಟೂಲು,
ದಾರ ಕಟ್ಟಿದ ಬಾಚಣಿಗೆ,
ಕಟ್ಟದಿದ್ದರೆ ಜನ ಮರೆತು ಜೇಬಿಗಿಳಿಸುತ್ತಾರೆ.
ಇಪ್ಪತ್ತೆರಡು ವರ್ಷ ಆಡಿದ್ದು ಮೂರೇ ಮಾತು:
ಗಲ್ಲ ಮೇಲೆ. ನಗಬೇಡಿ. ಆಯ್ತು.

ಒಂದು ದಿನ ಟುಮ್ವೆಕ್ವಾಸೆ ಬಂದಳು, ಉದ್ಯಾನದ ರೇಂಜರು,
ಮಳೆಬೂಟಿನ ಕೆಸರು ನನ್ನ ನೆಲಕ್ಕೆಲ್ಲ ಮೆತ್ತಿ.
"ಹನ್ನೊಂದು ಜನ ಇದ್ದಾರೆ ಮೇಲೆ,
ರಿಜಿಸ್ಟರಿಗೆ ಫೋಟೋ ಬೇಕು, ಮೂಗು ಸ್ಪಷ್ಟ ಬರಬೇಕು."
ಮೂಗೇ ಏಕೆ ಎಂದೆ.
"ಹೆಬ್ಬೆಟ್ಟು ಒತ್ತಿ ಅಂದರೆ ಒತ್ತುತ್ತಾರಾ?
ಹೊಳ್ಳೆಯ ಮೇಲಿನ ಗೆರೆ
ಒಬ್ಬರದಿದ್ದ ಹಾಗೆ ಇನ್ನೊಬ್ಬರದಿಲ್ಲ."

ನಸುಕಿಗೇ ಹೊರಟೆವು. ಆಲೂಗಡ್ಡೆ ಹೊಲ ಮುಗಿದಲ್ಲಿ
ಕಾಡೆಮ್ಮೆ ಇಳಿಯದಂತೆ ಕಟ್ಟಿದ ಕರಿಕಲ್ಲಿನ ಗೋಡೆ.
ಗುದ್ದಲಿ ಹಿಡಿದ ಹೆಂಗಸರು ಈ ಕಡೆ, ಮಂಜು ಆ ಕಡೆ.
ದಾಟುವಾಗ ಸೆಮಾಜೇರಿ ಟೋಪಿ ತೆಗೆದ.
ಬಟ್ವಾ ಮುದುಕ, ಜಾಡು ಹಿಡಿಯುವವನು,
ನನ್ನ ಭುಜಕ್ಕೂ ಬಾರದ ಆಳು, ನನ್ನ ಚೀಲ ಅವನ ಬೆನ್ನಿಗೆ.
ನಾನು ಏದುಸಿರಲ್ಲಿ ಬಿದಿರು ಹಿಡಿದು ಹತ್ತುತ್ತಿದ್ದೆ,
ತುರುಚೆ ಸೊಪ್ಪು ಪ್ಯಾಂಟಿನೊಳಗೂ ನುಗ್ಗಿ ಉರಿಸುತ್ತಿತ್ತು,
ಅವನು ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ
ಹೋಗುವವನ ಹಾಗೆ ಹೋಗುತ್ತಿದ್ದ.
ರಾತ್ರಿ ಮಲಗಿದ್ದ ಎಲೆಹಾಸಿಗೆ ಸಿಕ್ಕಿತು.
ಲದ್ದಿಗೆ ಮುಂಗೈ ತಾಗಿಸಿ,
"ಈಗಷ್ಟೇ ಎದ್ದರು."

ಗಂಟಲಲ್ಲೇ ಎರಡು ಸಲ ಗೊರಗಿದ.
ಕಳಲೆಯ ಮೆಳೆಯಾಚೆ ಯಾರೋ ಓಗೊಟ್ಟರು.

ಹತ್ತು ಮೀಟರು ದೂರ, ಬಾಯಿಗೆ ಬಟ್ಟೆ, ಒಂದೇ ಗಂಟೆ.
ಕಪ್ಪು ಕಂಡರೆ ನನ್ನ ಕ್ಯಾಮೆರಾಕ್ಕೆ ಗಾಬರಿ,
ಕತ್ತಲೆಂದು ತಿಳಿದು ಬೆಳಕು ಸುರಿದು
ಬೂದಿ ಮಾಡಿಬಿಡುತ್ತದೆ.
ಮಾಡಿದವರಿಗೆ ನಮ್ಮ ಕಡೆಯ ಮುಖ ಗೊತ್ತಿಲ್ಲ.
ಎರಡು ಹಲ್ಲು ಕೆಳಗಿಳಿಸು,
ಕಪ್ಪು ಕಪ್ಪಾಗಿಯೇ ಉಳಿಯಲಿ, ಅದರೊಳಗೇ
ಎಷ್ಟು ಬಣ್ಣ ಇದೆ ನೋಡು.
ಇಷ್ಟು ವಿದ್ಯೆ ನನ್ನ ನೀಲಿ ಪರದೆ ಕಲಿಸಿದೆ.

ತಾಯಿ ಬಂದಳು, ಬೆನ್ನ ಮೇಲೆ ಮರಿ: ಒಂದು, ಎರಡು.
ಕಳಲೆ ಸುಲಿಯುತ್ತ ಇಬ್ಬರು ಹುಡುಗರು,
ಒಬ್ಬ ಇನ್ನೊಬ್ಬನ ಕೈಯಿಂದ ಕಿತ್ತು ಓಡಿದ. ನಾಲ್ಕು.
ಅಭ್ಯಾಸಬಲ, ಬಟ್ಟೆಯೊಳಗೇ ನನ್ನ ಬಾಯಿ
ಗಲ್ಲ ಮೇಲೆ, ಗಲ್ಲ ಮೇಲೆ ಎನ್ನುತ್ತಿತ್ತು.
ಬೆಳ್ಳಿಬೆನ್ನಿನ ಯಜಮಾನ ಐವತ್ತು ನಿಮಿಷ
ಬರೀ ಬೆನ್ನು ಕೊಟ್ಟು ಕೂತ, ಮೆಲ್ಲುತ್ತ.
ಆಮೇಲೆ ತಿರುಗಿದ. ಮೂಗು ಬಂತು,
ಗದ್ದೆಯ ಬದುಗಳ ಹಾಗೆ ಗೆರೆ ಗೆರೆ.
ಕಣ್ಣು ನೋಡಬಾರದು ಅಂದಿದ್ದಳು ಟುಮ್ವೆಕ್ವಾಸೆ.
ನೋಡಲಿಲ್ಲ. ಕೆಲಸ ಮಾಡಿದೆ.
ಆಯ್ತು, ಅಂದೆ. ಹನ್ನೊಂದು.

ಇಳಿಯುವಾಗ ಗೋಡೆಯ ಹತ್ತಿರ ಸೆಮಾಜೇರಿ ನಿಂತ.
"ನನ್ನದೂ ಒಂದು ತೆಗಿ. ಕಾರ್ಡು ಮಾಡಿಸಬೇಕು.
ಹುಟ್ಟಿದ ಊರು ಕೇಳಿದರು, ಗೋಡೆಯ ಒಳಗೆ ಅಂದೆ,
ಆ ಹೆಸರಿನ ಊರಿಲ್ಲ ಅಂದರು.
ಅವರು ಕಟ್ಟುವ ಮೊದಲು ಗೋಡೆಗೂ
ಆ ಹೆಸರಿರಲಿಲ್ಲ."
ಕರಿಕಲ್ಲಿನ ಮೇಲೆ ಕೂರಿಸಿದೆ. ಟೋಪಿ ಕೈಯಲ್ಲಿ.
ನಗಬೇಡಿ ಅಂದೆ. ನಕ್ಕ:
"ಮೂಗು ಸರಿಯಾಗಿ ಬರಲಪ್ಪ."

ಹನ್ನೊಂದು ಫೋಟೋ ಒಪ್ಪಿಗೆಯಾದವು,
ದುಡ್ಡೂ ಬಂತು, ರಸೀದಿಯ ಸಮೇತ.
ಹನ್ನೆರಡನೆಯದು ಜಿಲ್ಲಾ ಕಚೇರಿಯಿಂದ ವಾಪಸ್ಸು,
ಹಿಂದೆ ಕೆಂಪು ಶಾಯಿಯ ಷರಾ:
ಹಿನ್ನೆಲೆ ಖಾಲಿ ಇರಬೇಕು.

ಕೌಂಟರಿನ ಗಾಜಿನಡಿ ಇಟ್ಟಿದ್ದೇನೆ.
ಚಿಲ್ಲರೆ ಕೇಳಲು ಬಂದ ಹಲ್ಲು ಕೀಳುವವನು
ಬಗ್ಗಿ ನೋಡಿ ಕೇಳುತ್ತಾನೆ,
ಈ ಪರದೆ ಎಲ್ಲಿ ಹೊಲಿಸಿದೆ ಮಾರಾಯ,
ಬಿದಿರು ನಿಜದ ಹಾಗೇ ಇದೆ.